ಕಂಬಾರರ ಕಾವ್ಯವನ್ನು ಬದಿಗಿಟ್ಟು ಕಾದಂಬರಿಗಳನ್ನಷ್ಟೇ ಓದಿದರೆ ಸಾಕೇ?

ಪ್ರಶ್ನೆ: ಬಾಗಲಕೋಟೆಯ ಓದುಗ

ನಮ್ಮ ಓದುಗರ ಬಳಗದಲ್ಲಿ ಬರುವ ತಿಂಗಳು ಚಂದ್ರಶೇಖರ ಕಂಬಾರರ ಕುರಿತು ಮಾತನಾಡುವ ಹೊಣೆ ನನ್ನ ಪಾಲಿಗೆ ಬಂದಿದೆ. ‘ಕರಿಮಾಯಿ’ಯನ್ನೂ ‘ಸಿಂಗಾರೆವ್ವ ಮತ್ತು ಅರಮನೆ’ಯನ್ನೂ ಓದಿ ಮುಗಿಸಿದ್ದೇನೆ. ಆದರೆ 1964ರ ಕಥನಕಾವ್ಯ ‘ಹೇಳತೇನ ಕೇಳ’ವನ್ನು ಕೈಗೆತ್ತಿಕೊಂಡಾಗಲೆಲ್ಲ ನಾಲ್ಕು ಪುಟಕ್ಕೇ ನಿಂತುಬಿಡುತ್ತೇನೆ. ಕಾವ್ಯವೆಲ್ಲ ಅವರಿಗೆ ಆರಂಭದ ತಾಲೀಮು, ಗಟ್ಟಿ ಫಸಲು ಬಂದದ್ದು ಕಾದಂಬರಿಯಲ್ಲಿ ಎಂದು ಬಳಗದ ಹಿರಿಯರೊಬ್ಬರು ಹೇಳುತ್ತಾರೆ. ಇದು ಸರಿಯೇ? ಹಾಗೆಯೇ, ಅವರ ಕೃತಿಗಳಲ್ಲಿ ಮತ್ತೆ ಮತ್ತೆ ಬರುವ ಶಿವಾಪುರ ಅವರ ಹುಟ್ಟೂರೇ?

ಉತ್ತರ 1: ಗೋಕಾಕದ ನಿವೃತ್ತ ಶಿಕ್ಷಕ

ಹಿರಿಯರ ಮಾತನ್ನು ನಾನು ಒಪ್ಪಲಾರೆ. ‘ಕರಿಮಾಯಿ’ 1975ರದು, ‘ಸಿಂಗಾರೆವ್ವ’ 1982ರದು. ಇವೆರಡೂ ಬಂದ ಮೇಲೆಯೇ ಅವರು ‘ಚಕೋರಿ’ಯಂಥ ಮಹಾಕಾವ್ಯ ಬರೆದರು, ಅದರ ಪಾತ್ರವೊಂದು ಮುಂದೆ ‘ಶಿಖರಸೂರ್ಯ’ ಕಾದಂಬರಿಗೆ ದಾಟಿ ಬಂದಿತು. ತಾಲೀಮು ಮುಗಿದ ಮೇಲೆ ಯಾರಾದರೂ ಮಹಾಕಾವ್ಯಕ್ಕೆ ಕೂಡುತ್ತಾರೆಯೇ?

ನೀವು ಎಡವುತ್ತಿರುವುದು ಮನಸ್ಸಿನಲ್ಲೇ ಓದುವುದರಿಂದ ಎಂದು ನನ್ನ ಊಹೆ. ರಾಕ್ಷಸನೊಬ್ಬ ಊರಗೌಡನನ್ನು ಕೊಂದು ಅವನದೇ ರೂಪ ತಾಳಿ ಊರು ಸೇರುವ ಆ ಕಥೆಯನ್ನು ನಾನೂ ಹಾಗೆಯೇ ಓದಿ ಎರಡು ಸಲ ಕೈಬಿಟ್ಟಿದ್ದೆ. ಒಂದು ಸಂಜೆ ನಮ್ಮವ್ವ ರೊಟ್ಟಿ ಬಡಿಯುತ್ತಿರುವಾಗ ಒಲೆಯ ಮುಂದೆ ಕುಳಿತು ಗಟ್ಟಿಯಾಗಿ ಓದತೊಡಗಿದೆ. ನಾನು ತಪ್ಪಾದ ಕಡೆ ಉಸಿರು ನಿಲ್ಲಿಸಿದಾಗೆಲ್ಲ, ಶಾಲೆಯ ಮೆಟ್ಟಿಲನ್ನೇ ಹತ್ತದ ಆಕೆ ತಲೆ ಎತ್ತಿ ‘ಮುಂದ?’ ಎನ್ನುತ್ತಿದ್ದಳು. ಸಾಲು ಎಲ್ಲಿ ಮುಗಿಯುತ್ತದೆ ಎಂಬುದು ಆಕೆಯ ಕಿವಿಗೆ ಗೊತ್ತಿತ್ತು. ಇನ್ನು ‘ಸಿಂಗಾರೆವ್ವ’ದಲ್ಲಿಯೂ ಅರಮನೆಯ ಕಥೆಯನ್ನು ದಾಸಿ ಶೀನಿಂಗವ್ವನ ಬಾಯಿಂದಲೇ ಕೇಳುತ್ತೇವಲ್ಲವೇ? ಕಾವ್ಯದ ಹೆಸರಿನಲ್ಲಿರುವ ಆ ‘ಹೇಳತೇನ’, ಆ ‘ಕೇಳ’ ಕಾದಂಬರಿಯೊಳಗೂ ಕುಳಿತಿವೆ.

ಉತ್ತರ 2: ವಿಜಯಪುರದ ಅಧ್ಯಾಪಕಿ

ಶಿವಾಪುರದ ಬಗ್ಗೆ ಒಂದು ಮಾತು. ಕಂಬಾರರು 1937ರ ಜನವರಿ 2ರಂದು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ. ಗೋಕಾಕ, ಬೆಳಗಾವಿಗಳಲ್ಲಿ ಓದಿದರು. ಶಿವಾಪುರದ ಮಣ್ಣು ಆ ಸೀಮೆಯದೇ, ಆದರೆ ಊರು ಕಲ್ಪಿತ. ಅದನ್ನು ನಕಾಶೆಯಲ್ಲಿ ಹುಡುಕುವುದಕ್ಕಿಂತ ನಿಮ್ಮ ಓಣಿಯ ಜೋಕುಮಾರನನ್ನು ನೋಡಿರಿ. ಭಾದ್ರಪದದಲ್ಲಿ ಗಣಪತಿಯ ಹಬ್ಬದ ಬೆನ್ನಿಗೇ, ಬುಟ್ಟಿಯ ಬೇವಿನ ಸೊಪ್ಪಿನ ನಡುವೆ ಬಾಯಿಗೆ ಬೆಣ್ಣೆ ಮೆತ್ತಿದ ಮಣ್ಣಿನ ಮೂರ್ತಿಯನ್ನಿಟ್ಟುಕೊಂಡು ಹೆಣ್ಣುಮಕ್ಕಳು ಮನೆಮನೆಗೆ ಹಾಡುತ್ತ ಬರುತ್ತಾರೆ. ಹುಣ್ಣಿಮೆಗೆ ಅವನ ಸಾವು. ಮಳೆಬೆಳೆಗಾಗಿ ಸಾಯುವ ಈ ದೇವರನ್ನೇ ‘ಜೋಕುಮಾರಸ್ವಾಮಿ’ ನಾಟಕವು ಉಳುವವನ ಹೊಲದ ಜಗಳಕ್ಕೆ ತಂದು ನಿಲ್ಲಿಸುತ್ತದೆ.

ಪ್ರಶಸ್ತಿಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿರಿ: 1991ರಲ್ಲಿ ‘ಸಿರಿಸಂಪಿಗೆ’ ನಾಟಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ, 2010ನೆಯ ಸಾಲಿನ ಜ್ಞಾನಪೀಠ, 2021ರಲ್ಲಿ ಪದ್ಮಭೂಷಣ. ಆದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಅವರು ಮೊದಲ ಕುಲಪತಿಯಾಗಿದ್ದುದನ್ನು ಬಿಡಬೇಡಿರಿ.

ಒಂದು ತಕರಾರನ್ನೂ ಸೇರಿಸುತ್ತೇನೆ. ಗಟ್ಟಿಯಾಗಿ ಓದುವ ಉಪಾಯ ‘ಶಿಖರಸೂರ್ಯ’ಕ್ಕೆ ಅಷ್ಟಾಗಿ ಒಗ್ಗುವುದಿಲ್ಲ, ಅಧಿಕಾರದ ಹಸಿವನ್ನು ಬೆನ್ನಟ್ಟುವ ಆ ದೊಡ್ಡ ಪುಸ್ತಕ ಒಂಟಿಯಾಗಿ ಕುಳಿತು ಓದುವಂಥದ್ದು.

ಮರುಉತ್ತರ: ಬಾಗಲಕೋಟೆಯ ಓದುಗ

ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಬಾಗಿಲು ಮುಂದೆ ಮಾಡಿಕೊಂಡು ‘ಹೇಳತೇನ ಕೇಳ’ವನ್ನು ಗಟ್ಟಿಯಾಗಿ ಓದಿದೆ, ಹನ್ನೊಂದು ಪುಟ ದಾಟಿತು. ನಮ್ಮ ಬಳಗದಲ್ಲಿ ಗೀಗೀ ಪದ ಹಾಡುವ ಹಿರಿಯರೊಬ್ಬರಿದ್ದಾರೆ, ಆ ದಿನ ಮೊದಲ ಭಾಗವನ್ನು ಅವರಿಂದಲೇ ಓದಿಸುತ್ತೇನೆ. ತಾಲೀಮು ಎಂದವರೂ ಅವರೇ.