ತುಂಬಿದ ವೋಲ್ಟೇಜು, ತುಂಬಿಸೋ ವೋಲ್ಟೇಜು: ಬ್ಯಾಟರಿ ಮಾತಿಗೆ ಕನ್ನಡ ಪದ ಬೇಕಿತ್ತು

ಎಲ್ಲರಿಗೂ ನಮಸ್ಕಾರ. ನಮ್ಮ ಭಾವ ತಿಪಟೂರಲ್ಲಿ ಕಾರ್ ಬ್ಯಾಟರಿ ಅಂಗಡಿ ಇಟ್ಕೊಂಡಿದಾರೆ, ಗೋಡೆಗೆ ಅಂಟಿಸೋಕೆ ಒಂದು ಪುಟ ಕನ್ನಡದಲ್ಲಿ ಬರೆದುಕೊಡು ಅಂದ್ರು, ಬ್ಯಾಟರಿಲಿ ಯಾವ್ಯಾವ ಥರ ಇದೆ, ಎಷ್ಟು ವೋಲ್ಟ್ ಇದ್ರೆ ಸರಿ, ಎಷ್ಟರಲ್ಲಿ ಚಾರ್ಜ್ ಮಾಡ್ಬೇಕು ಅಂತ. ಒಂದು ಗಂಟೆ ಕೆಲಸ ಅಂದ್ಕೊಂಡಿದ್ದೆ, ಮೂರು ದಿನ ಆಯ್ತು, ಪದಗಳ ಹತ್ರಾನೇ ನಿಂತಿದೀನಿ.

ಮೊದಲ ತೊಡಕು "12 ವೋಲ್ಟ್" ಅನ್ನೋ ಹೆಸರೇ. ಗಿರಾಕಿ ಒಬ್ರು ಮೀಟರ್ ಇಟ್ಟು ನೋಡಿದ್ರಂತೆ, 12.1 ಬಂತು, ಹನ್ನೆರಡರ ಮೇಲೇ ಇದೆಯಲ್ಲ ಅಂತ ಗಾಡಿ ಹಾಗೇ ಬಿಟ್ಟು ಎರಡು ತಿಂಗಳು ಮಗಳ ಮನೆಗೆ ಹೋದ್ರು, ಬಂದು ನೋಡಿದ್ರೆ ಬ್ಯಾಟರಿ ಸತ್ತೇ ಹೋಗಿತ್ತು. ಕಾರಿಗೆ ಹಾಕೋ ಸೀಸದ ಬ್ಯಾಟರಿ ಒಳಗೆ ಆರು ಸೆಲ್ ಇರುತ್ತೆ, ತುಂಬಿದಾಗ ಒಂದೊಂದು ಸುಮಾರು 2.1 ವೋಲ್ಟ್, ಒಟ್ಟು 12.6. ಅಂದ್ರೆ 12.1 ಅರ್ಧಕ್ಕಿಂತ ಕೆಳಗೆ. ಹಾಗೆ ಇಳಿದಿರೋದನ್ನ ವಾರಗಟ್ಟಲೆ ಬಿಟ್ರೆ ಪ್ಲೇಟ್ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತೆ, ಆಮೇಲೆ ಎಷ್ಟು ಚಾರ್ಜಿಗೆ ಹಾಕಿದ್ರೂ ಹಿಡಿಯಲ್ಲ. ಹೆಸರಲ್ಲಿರೋ 12 ಅಳತೆ ಅಲ್ಲ ಅಂತ ಜನಕ್ಕೆ ತಿಳಿಸಬೇಕು.

ಎರಡನೇದು ಚಾರ್ಜಿಂಗ್ ವೋಲ್ಟೇಜ್. ಇಂಜಿನ್ ಓಡ್ತಿರುವಾಗ ಆಲ್ಟರ್ನೇಟರ್ (ಇಂಜಿನ್ ಜೊತೆ ತಿರುಗಿ ಕರೆಂಟ್ ಮಾಡೋ ಯಂತ್ರ) ಸಾಮಾನ್ಯವಾಗಿ 13.8ರಿಂದ 14.4 ಕೊಡುತ್ತೆ. ಅದನ್ನ ಹೇಳಿದ ಕೂಡ್ಲೇ ಎಲ್ರೂ ಕೇಳೋದು ಒಂದೇ, 12ರ ಬ್ಯಾಟರಿಗೆ 14 ಕೊಟ್ರೆ ಸುಟ್ಟೋಗಲ್ವಾ ಅಂತ. ಓವರ್‌ಹೆಡ್ ಟ್ಯಾಂಕಿಗೆ ನೀರು ಏರಬೇಕಾದ್ರೆ ಪಂಪಿನ ಒತ್ತಡ ಟ್ಯಾಂಕಿನ ಎತ್ತರಕ್ಕಿಂತ ಜಾಸ್ತಿ ಇರ್ಬೇಕಲ್ವಾ, ಇದೂ ಹಾಗೇ ಅಂತ ಭಾವ ವಿವರಿಸ್ತಾರೆ. ಬರೀವಾಗ ನಂಗೆ ಹೊಳೆದಿದ್ದು "ತುಂಬಿದ ವೋಲ್ಟೇಜು" ಮತ್ತೆ "ತುಂಬಿಸೋ ವೋಲ್ಟೇಜು". ಒಂದು "ಇಸು" ಸೇರಿದ್ರೆ ಸಾಕು, ಎರಡೂ ಬೇರೆ ಅಂತ ಕಿವಿಗೇ ಗೊತ್ತಾಗುತ್ತೆ, ಇದು ನಂಗೆ ತುಂಬಾ ಹಿಡಿಸ್ತು.

ಆದ್ರೆ "ತುಂಬು" ಸರೀನಾ? ಒಳಗೆ ಏನೂ ತುಂಬಲ್ಲ, ಸಲ್ಫೇಟ್ ಆಗಿದ್ದ ಪ್ಲೇಟ್ ವಾಪಸ್ ಸೀಸ ಮತ್ತು ಸೀಸದ ಡೈಆಕ್ಸೈಡ್ ಆಗುತ್ತೆ ಅಷ್ಟೆ. ಶಾಲೆ ಪುಸ್ತಕದಲ್ಲಿ ಚಾರ್ಜಿಗೆ "ಆವೇಶ" ಇದೆ, ವೋಲ್ಟೇಜಿಗೆ "ವಿಭವಾಂತರ" ಇದೆ, ಆದ್ರೆ ಆವೇಶ ಅಂದ್ರೆ ನಮ್ ಕಡೆ ಮೈಮೇಲೆ ಬರೋದು ಅಂತ್ಲೇ ಮೊದಲು ಹೊಳೆಯೋದು, ಗೋಡೆ ಮೇಲೆ ಬರೆಯೋಕಾಗಲ್ಲ. ಇನ್ನೊಂದು ಸೊಗಸು, ಚಾರ್ಜ್ ಅನ್ನೋದರ ಮೂಲ ಲ್ಯಾಟಿನ್‌ನಲ್ಲಿ ಗಾಡಿಗೆ ಹೇರೋದು ಅಂತ, ಆ ಗಾಡಿಯ ಪದದಿಂದಾನೇ ಕಾರು ಕೂಡ ಬಂದಿರೋದು. ಹಂಗಾಗಿ "ಹೇರು" ಅಂತ ಇಡೋಣ್ವಾ ಅಂತಲೂ ಯೋಚಿಸ್ದೆ, ಆದ್ರೆ ಯಾರ ಬಾಯಲ್ಲೂ ಇಲ್ಲದ್ದನ್ನ ಹೇರೋಕೆ ಮನಸಾಗ್ಲಿಲ್ಲ.

ಬಗೆಗಳಿಗೆ ಬಂದ್ರೆ, ನೀರು ಹಾಕೋ ಬ್ಯಾಟರಿ, ನೀರು ಹಾಕದ ಬ್ಯಾಟರಿ, ಇಷ್ಟು ಸಲೀಸು. ಕಷ್ಟ ಏನಂದ್ರೆ ಎರಡನೇದಕ್ಕೆ ಜನ "ಡ್ರೈ ಬ್ಯಾಟರಿ" ಅಂತಾರೆ, ಅದು ಅಪಾಯದ ಹೆಸರು, ಒಳಗೆ ಆಸಿಡ್ ಇದ್ದೇ ಇರುತ್ತೆ, ಅಡ್ಡ ಮಲಗಿಸಿ ತಂದು ಡಿಕ್ಕಿ ಹಾಳು ಮಾಡ್ಕೊಂಡೋರಿದಾರೆ. ಎಜಿಎಂ ಅನ್ನೋದ್ರಲ್ಲಿ ಪ್ಲೇಟುಗಳ ಮಧ್ಯೆ ಗಾಜಿನ ನಾರಿನ ಹಾಸು ಇದ್ದು ಆಸಿಡ್ಡನ್ನ ಹೀರ್ಕೊಂಡಿರುತ್ತೆ, ಅದಕ್ಕೆ "ನಾರುಹಾಸಿನ ಬ್ಯಾಟರಿ" ಅನ್ನಬಹುದಾ? ಅದರ ತುಂಬಿಸೋ ವೋಲ್ಟೇಜು 14.4ರಿಂದ 14.8ರವರೆಗೂ ಹೋಗುತ್ತೆ. ಆಸಿಡ್ ಅಂಟಿನ ಹಾಗೆ ಗಟ್ಟಿಯಾಗಿರೋ ಜೆಲ್ ಬ್ಯಾಟರಿಗೆ ಅಷ್ಟು ಕೊಟ್ರೆ ಹಾಳಾಗುತ್ತೆ, 14.1ರ ಆಸುಪಾಸಲ್ಲೇ ಇರ್ಬೇಕು. ಹಾಗಾಗಿ ಹೆಸರು ತಪ್ಪಿದ್ರೆ ದುಡ್ಡೂ ಹೋಗುತ್ತೆ.

ನಮ್ಮಜ್ಜಿ ಟಾರ್ಚಿಗೇ ಬ್ಯಾಟರಿ ಅಂತಿದ್ರು, ಒಳಗೆ ಹಾಕೋದು ಶೆಲ್ಲು, "ಮೂರು ಶೆಲ್ಲಿನ ಬ್ಯಾಟರಿ". ತಪ್ಪು ಅಂತ ಚಿಕ್ಕಂದಿನಲ್ಲಿ ತಿದ್ದಿದ್ದೆ, ಈಗ ನೋಡಿದ್ರೆ ಅಜ್ಜೀದೇ ಮೂಲಕ್ಕೆ ಹತ್ತಿರ, ಯಾಕಂದ್ರೆ 1749ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಸಾಲಾಗಿ ಜೋಡಿಸಿದ, ವಿದ್ಯುತ್ ಕೂಡಿಡೋ ಗಾಜಿನ ಸಾಧನಗಳಿಗೆ, ಫಿರಂಗಿ ಸಾಲಿಗಿದ್ದ ಹೆಸರನ್ನೇ ತಗೊಂಡು ಬ್ಯಾಟರಿ ಅಂದಿದ್ದು, ಒಂಟಿ ಸೆಲ್ಲಿಗಲ್ಲ. ಅಂಗಡೀಲೂ ರೈತರು "ಒಂದು ಶೆಲ್ ಹೋಗಿದೆ ನೋಡಿ" ಅಂತ್ಲೇ ಬರ್ತಾರೆ, ಮೀಟರ್ ಇಟ್ರೆ 10.5, ಆರರಲ್ಲಿ ಒಂದು ಹೋಗಿರುತ್ತೆ. ಪುಟದಲ್ಲಿ ಶೆಲ್ಲು ಅಂತ್ಲೇ ಬರೀತೀನಿ.

ಈಗ ನಿಜವಾಗಿ ಸಿಕ್ಕಾಕೊಂಡಿರೋದು ಒಂದು ಕಡೆ. ಗಾಡಿ ನಿಲ್ಲಿಸಿದ ತಕ್ಷಣ ಅಳೆದ್ರೆ 13ರ ಹತ್ರ ತೋರಿಸಿ ಮೋಸ ಮಾಡುತ್ತೆ, ರಾತ್ರಿಯೆಲ್ಲಾ ಬಿಟ್ಟು ಬೆಳಿಗ್ಗೆ ಸ್ಟಾರ್ಟ್ ಮಾಡೋಕೆ ಮುಂಚೆ ಅಳೆದಿದ್ದೇ ನಿಜವಾದ್ದು. ಆ ಬೆಳಗಿನ ವೋಲ್ಟೇಜಿಗೆ ಏನನ್ನೋಣ? "ವಿಶ್ರಾಂತ ವೋಲ್ಟೇಜು" ತೀರಾ ಗ್ರಾಂಥಿಕ, "ತಣಿದ ವೋಲ್ಟೇಜು" ಅಂದ್ರೆ ಬಿಸಿ ಆರಿದ್ದು ಅನ್ಸುತ್ತೆ, "ಸುಮ್ನಿದ್ದಾಗಿನ ವೋಲ್ಟೇಜು" ಉದ್ದ ಆಯ್ತು. ನಿಮ್ಮ ಊರಿನ ಗ್ಯಾರೇಜಲ್ಲಿ, ಮಂಗಳೂರು, ಧಾರವಾಡ, ಕಲಬುರಗಿ ಕಡೆ ಇದಕ್ಕೆ ಏನಾದ್ರೂ ಮಾತಿದ್ರೆ ದಯವಿಟ್ಟು ತಿಳಿಸಿ, ಭಾನುವಾರ ಪ್ರಿಂಟಿಗೆ ಕೊಡ್ಬೇಕು.