ಲಾಗ್‌ಬುಕ್ ತುಂಬಿತು, ಕೈ ಪಳಗಿತೇ? ಫಿಸಿಷಿಯನ್ ಅಸಿಸ್ಟೆಂಟ್ ತರಬೇತಿ ಕುರಿತು ಪ್ರಶ್ನೋತ್ತರ

ನಿರ್ವಾಹಕ: ವೈದ್ಯರ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡುವ ಫಿಸಿಷಿಯನ್ ಅಸಿಸ್ಟೆಂಟ್ (ಪಿ.ಎ.) ಕೆಲಸಕ್ಕೆ ಓದುತ್ತಿರುವ ವಿದ್ಯಾರ್ಥಿಗಳಿಗೆ ಪಾಠ ಹೇಳುವ, ತಾವೂ ಪಿ.ಎ. ಆಗಿ ವಾರ್ಡುಗಳಲ್ಲಿ ದುಡಿದಿರುವ ಬೋಧಕಿಯೊಬ್ಬರು ಇಂದು ನಮ್ಮ ಗುಂಪಿನಲ್ಲಿದ್ದಾರೆ. ತರಬೇತಿಯ ಗುರಿಗಳು, ಕೋರ್ಸ್ ಮುಗಿಯುವಷ್ಟರಲ್ಲಿ ಕೈವಶವಾಗಬೇಕಾದ ಸಾಮರ್ಥ್ಯಗಳು, ಇಷ್ಟೇ ವಿಷಯ. ನಿಮ್ಮ ಕಾಯಿಲೆಗೆ ಮದ್ದು ಕೇಳಬೇಡಿ. ಫಾರ್ವರ್ಡ್ ಸಂದೇಶ ಹಾಕಬೇಡಿ.

ಹೊಸಚಿಗುರು: ನಮಸ್ಕಾರ ಮೇಡಂ. ಈ ವರ್ಷ ಸೇರಿದ್ದೇನೆ. ಪಠ್ಯಕ್ರಮದ ಆರಂಭದಲ್ಲೇ ‘ಗುರಿಗಳು’ ಎಂದೊಂದು ಪಟ್ಟಿ, ‘ಸಾಮರ್ಥ್ಯಗಳು’ ಎಂದು ಇನ್ನೊಂದು ಪಟ್ಟಿ ಇದೆ. ಎರಡನ್ನೂ ಬಾಯಿಪಾಠ ಮಾಡಬೇಕೇ?

ಬೋಧಕಿ: ಯಾವುದನ್ನೂ ಬೇಡ. ಹೃದಯ ವೈಫಲ್ಯದ ಲಕ್ಷಣಗಳನ್ನು ತಿಳಿಯುವುದು ಗುರಿ. ಏದುಸಿರು ಬಿಡುತ್ತಿರುವವರ ಕತ್ತಿನ ರಕ್ತನಾಳ ನೋಡಿ, ಶ್ವಾಸಕೋಶದ ಬುಡಕ್ಕೆ ಕಿವಿಗೊಟ್ಟು, ಕಾಲಿನ ಬಾವು ಒತ್ತಿ, ಕಂಡದ್ದನ್ನು ಮೇಲ್ವಿಚಾರಕ ವೈದ್ಯರಿಗೆ ಒಂದೆರಡು ನಿಮಿಷಗಳಲ್ಲಿ ಒಪ್ಪಿಸುವುದು ಸಾಮರ್ಥ್ಯ. ಜ್ಞಾನ ಅದರ ಒಂದು ಪಾಲು ಮಾತ್ರ. ರೋಗಿಯೊಂದಿಗೆ ಮಾತು, ತಂಡದಲ್ಲಿ ಕೆಲಸ, ವೃತ್ತಿಧರ್ಮ, ತನ್ನ ಕೆಲಸವನ್ನು ತಾನೇ ಪರಿಶೀಲಿಸಿ ತಿದ್ದಿಕೊಳ್ಳುವುದು, ಇವೆಲ್ಲವೂ ಪರೀಕ್ಷೆಗೆ ಬರುತ್ತವೆ. ಮೊದಲ ವರ್ಷ ಅಂಗರಚನೆ ಮತ್ತು ಶರೀರಕ್ರಿಯೆಯನ್ನು ಬಿಗಿಯಾಗಿ ಕಲಿಯಿರಿ.

ಮಿಂಚು: ಕೋರ್ಸ್ ಮುಗಿದ ಮೇಲೆ ಹೆಸರಿನ ಮುಂದೆ ‘ಡಾ.’ ಎಂದು ಹಾಕಿಕೊಳ್ಳಬಹುದೇ?

ಬೋಧಕಿ: ಇಲ್ಲ.

ಮೂರನೇ ಬೆಂಚು: ಮೇಡಂ, ಎಲ್ಲ ಔಷಧಗಳ ಪ್ರಮಾಣ ಒಂದೇ ಪುಟದಲ್ಲಿರುವ ಚಾರ್ಟ್ ನಮ್ಮ ಬ್ಯಾಚಿನಲ್ಲಿ ಹರಿದಾಡುತ್ತಿದೆ. ತುಂಬಾ ಉಪಯುಕ್ತ. ‘10 ಕೆ.ಜಿ. ಮಗುವಿಗೆ ಪ್ಯಾರಸಿಟಮಾಲ್ 6 ಮಿ.ಲೀ.’ ಎಂದು ನೇರವಾಗಿ ಕೊಟ್ಟಿದ್ದಾರೆ. ಪೋಸ್ಟಿಂಗ್‌ಗೆ ಇದು ಸಾಕಲ್ಲವೇ?

ಬೋಧಕಿ: ಯಾವ ಸಿರಪ್ಪಿನ 6 ಮಿ.ಲೀ.? ಕಿಲೋಗೆ 15 ಮಿ.ಗ್ರಾಂ. ಲೆಕ್ಕದಲ್ಲಿ ಆ ಮಗುವಿಗೆ ಒಂದು ಸಲಕ್ಕೆ ಬೇಕಾದದ್ದು 150 ಮಿ.ಗ್ರಾಂ. 5 ಮಿ.ಲೀ.ಗೆ 120 ಮಿ.ಗ್ರಾಂ. ಇರುವ ಸಿರಪ್ಪಾದರೆ 6 ಮಿ.ಲೀ. ಹೆಚ್ಚುಕಡಿಮೆ ಸರಿಹೋಗುತ್ತದೆ. 5 ಮಿ.ಲೀ.ಗೆ 250 ಮಿ.ಗ್ರಾಂ. ಇರುವ ಸಿರಪ್ಪಾದರೆ ಮಗುವಿನ ಹೊಟ್ಟೆಗೆ 300 ಹೋಗುತ್ತದೆ, ಸರಿಯಾಗಿ ಎರಡು ಪಟ್ಟು. ಚಾರ್ಟ್ ಮಾಡಿದ ಪುಣ್ಯಾತ್ಮರಿಗೆ ಬಾಟಲಿಯ ಮೇಲಿನ ಅಕ್ಷರ ಕಾಣಲಿಲ್ಲ. ಮಿ.ಗ್ರಾಂನಲ್ಲಿ ಲೆಕ್ಕ ಹಾಕಿ, ಬಾಟಲಿ ಓದಿ, ಆಮೇಲೆ ಮಿ.ಲೀ.ಗೆ ತನ್ನಿ. ಇದನ್ನು ಕಾಗದದ ಮೇಲೆ ಪ್ರತಿ ಸಲವೂ ಮಾಡುವುದೇ ನಿಮ್ಮಿಂದ ಬಯಸುವ ಸಾಮರ್ಥ್ಯ. ಚಾರ್ಟ್ ಅಳಿಸಿ.

ಸೇವಾರ್ಥಿ: ಎಲ್ಲರಿಗೂ ತಲುಪಿಸಿ. ಒಬ್ಬರೇ ಇದ್ದಾಗ ಹೃದಯಾಘಾತವಾದರೆ ಮತ್ತೆ ಮತ್ತೆ ಜೋರಾಗಿ ಕೆಮ್ಮಿ, ಜೀವ ಉಳಿಯುತ್ತದೆ. ಮೇಡಂ, ಇದನ್ನು ನಿಮ್ಮ ಪಠ್ಯದಲ್ಲಿ ಸೇರಿಸಬಾರದೇ?

ಬೋಧಕಿ: ಬಾರದು. ಹೃದಯದ ರಕ್ತನಾಳಗಳನ್ನು ಪರೀಕ್ಷಿಸುವ ಕ್ಯಾಥ್‌ಲ್ಯಾಬ್‌ನಲ್ಲಿ, ಮಾನಿಟರ್ ಓಡುತ್ತಿರುವಾಗ, ಹೃದಯದ ಲಯ ಏಕಾಏಕಿ ತಪ್ಪಿದ ರೋಗಿಗೆ ಪಕ್ಕದಲ್ಲೇ ನಿಂತ ವೈದ್ಯರು ಕೆಲವೊಮ್ಮೆ ಕೆಮ್ಮಲು ಹೇಳುತ್ತಾರೆ. ಯಾರೋ ಅದನ್ನು ಎತ್ತಿಕೊಂಡು ಮನೆಮದ್ದು ಮಾಡಿದರು. ಎದೆನೋವು ಬಂದಾಗ ಆಂಬ್ಯುಲೆನ್ಸ್ ಕರೆಯಬೇಕಾದ ನಿಮಿಷಗಳನ್ನು ಜನ ಕೆಮ್ಮುತ್ತಾ ಕಳೆಯುತ್ತಾರೆ. ನಿರ್ವಾಹಕರೇ, ಫಾರ್ವರ್ಡ್ ಬೇಡವೆಂದು ನೀವೇ ಬರೆದಿದ್ದಿರಿ.

ರಾತ್ರಿಪಾಳಿ: ಮೇಡಂ, ಹೆಸರು ಹೇಳಲಾರೆ. ಇಂಟರ್ನ್‌ಶಿಪ್‌ನಲ್ಲಿದ್ದೇನೆ. ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಇಳಿಸುವ ಕೊಳವೆ) ಹಾಕುವುದನ್ನು ನಿಗದಿಯಷ್ಟು ಸಲ ಮಾಡಿದ್ದೇನೆ ಎಂದು ನನ್ನ ಲಾಗ್‌ಬುಕ್‌ನಲ್ಲಿ ಸಹಿ ಬಿದ್ದಿದೆ. ನಿಜವಾಗಿ ಹೆಚ್ಚಿನವನ್ನು ನಿಂತು ನೋಡಿದ್ದೇನೆ, ಅಷ್ಟೇ. ಪುಸ್ತಕ ತುಂಬಿದೆಯಲ್ಲ, ನಾಳೆಯಿಂದ ರಾತ್ರಿ ಒಬ್ಬನೇ ಹಾಕು ಎಂದಿದ್ದಾರೆ. ಸಿರಿಂಜಿನಿಂದ ಗಾಳಿ ಊದಿ, ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು, ಗುಳುಗುಳು ಸದ್ದು ಕೇಳಿಸಿದರೆ ಕೊಳವೆ ಸರಿಯಾದ ಜಾಗದಲ್ಲಿದೆ ಎಂದು ಕಲಿಸಿದ್ದಾರೆ. ಅಷ್ಟು ಸಾಕೇ?

ಬೋಧಕಿ: ಸಾಲದು. ಉಳಿದವರು ಸ್ವಲ್ಪ ಕಾಯಿರಿ, ಇದನ್ನು ಮೊದಲು ಮುಗಿಸುತ್ತೇನೆ.

ಮೊದಲು ಕೊಳವೆಯ ವಿಚಾರ. ಅದರ ತುದಿ ಶ್ವಾಸಕೋಶದಲ್ಲಿದ್ದರೂ, ಅನ್ನನಾಳದಲ್ಲೇ ನಿಂತಿದ್ದರೂ ಆ ಸದ್ದು ಹೊಟ್ಟೆಯ ಮೇಲೆ ಕೇಳಿಸಬಹುದು. ಆ ವಿಧಾನವನ್ನು ಬಿಡಿ ಎಂದು ಬ್ರಿಟನ್ನಿನ ರೋಗಿ ಸುರಕ್ಷತಾ ಸಂಸ್ಥೆ 2005ರಲ್ಲೇ ಎಚ್ಚರಿಸಿತ್ತು. ರೋಗಿ ಕೆಮ್ಮಲಿಲ್ಲ ಎಂಬುದೂ ಸಾಕ್ಷಿಯಲ್ಲ; ಪ್ರಜ್ಞೆ ಮಂದವಾಗಿರುವವರು ಕೊಳವೆ ಶ್ವಾಸನಾಳಕ್ಕೆ ಹೋದರೂ ಸುಮ್ಮನೆ ಮಲಗಿರುತ್ತಾರೆ. ಮೂಗಿನ ತುದಿಯಿಂದ ಕಿವಿಯ ಹಾಲೆಗೆ, ಅಲ್ಲಿಂದ ಎದೆಮೂಳೆಯ ಕೆಳತುದಿಗೆ ಅಳೆದು ಕೊಳವೆಯ ಮೇಲೆ ಗುರುತು ಮಾಡಿಕೊಳ್ಳಿ. ಹಾಕಿದ ಮೇಲೆ ಒಳಗಿನ ದ್ರವವನ್ನು ಹೀರಿ, ಆಮ್ಲೀಯತೆ ಅಳೆಯುವ ಪಿಎಚ್ ಪಟ್ಟಿಯಲ್ಲಿ ನೋಡಿ, ಲಿಟ್ಮಸ್ ಕಾಗದದಲ್ಲಿ ಅಲ್ಲ. 5.5 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕೊಳವೆ ಹೊಟ್ಟೆಯಲ್ಲಿದೆ. ಆಮ್ಲ ತಗ್ಗಿಸುವ ಮಾತ್ರೆ ನುಂಗುತ್ತಿರುವವರಲ್ಲಿ ಪಿಎಚ್ ಏರಿರುತ್ತದೆ. ದ್ರವ ಬರದಿದ್ದರೆ, ಪಿಎಚ್ ಹೆಚ್ಚಿದ್ದರೆ, ಮನಸ್ಸಿನಲ್ಲಿ ಸಂಶಯವಿದ್ದರೆ ಎಕ್ಸ್-ರೇ. ಅದನ್ನು ಓದಬಲ್ಲವರು ನೋಡಿ ಹೇಳುವವರೆಗೆ ಕೊಳವೆಯೊಳಗೆ ಒಂದು ಹನಿಯೂ ಹೋಗಕೂಡದು, ನೀರು ಕೂಡ. ತಲೆಬುರುಡೆಯ ತಳ ಮುರಿದಿರುವ ಸಂಶಯವಿದ್ದರೆ ಮೂಗಿನ ಹತ್ತಿರವೇ ಹೋಗಬೇಡಿ.

ಇನ್ನು ಲಾಗ್‌ಬುಕ್. ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಅದೇ. ಇಂತಿಷ್ಟು ಸಲ ಎಂಬ ಸಂಖ್ಯೆ ನಿಮಗೆ ಸಿಕ್ಕ ಅವಕಾಶಗಳನ್ನು ಎಣಿಸುತ್ತದೆ. ಕೈ ಪಳಗಿತೇ ಎಂದು ತಿಳಿಯಲು ಬಲ್ಲವರೊಬ್ಬರು ಪಕ್ಕದಲ್ಲಿ ನಿಂತು, ಮೊದಲಿನಿಂದ ಕೊನೆಯವರೆಗೆ ನೋಡಿ, ಎಲ್ಲಿ ಎಡವಿದಿರಿ ಎಂದು ಮುಖಕ್ಕೇ ಹೇಳಬೇಕು. ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಓಲೆ ಟೆನ್ ಕಾಟೆ ಎಂಬ ಶಿಕ್ಷಣತಜ್ಞರು 2005ರಲ್ಲಿ ಒಂದು ವಿಚಾರ ಮುಂದಿಟ್ಟರು: ವಿದ್ಯಾರ್ಥಿಗೆ ಅಂಕ ಕೊಡುವುದಕ್ಕಿಂತ, ಈ ಕೆಲಸವನ್ನು ಇವರಿಗೆ ನಂಬಿ ಬಿಡಬಹುದೇ ಎಂದು ಕೇಳಿ. ಇಂದು ಹಲವು ದೇಶಗಳ ವೈದ್ಯಕೀಯ ಮತ್ತು ಪಿ.ಎ. ತರಬೇತಿಯಲ್ಲಿ ಬಳಕೆಯಲ್ಲಿರುವ ಮಟ್ಟಗಳು ಅಲ್ಲಿಂದಲೇ ಬಂದವು. ಮೊದಲು ಬರೀ ನೋಡುವುದು, ಆಮೇಲೆ ಪಕ್ಕದಲ್ಲಿ ಒಬ್ಬರಿರುವಾಗ ಮಾಡುವುದು, ಆಮೇಲೆ ಕರೆದರೆ ಬರುವಷ್ಟು ಹತ್ತಿರ ಒಬ್ಬರಿರುವಾಗ ಮಾಡುವುದು, ಆಮೇಲೆ ಒಂಟಿಯಾಗಿ, ಕೊನೆಗೆ ಇತರರಿಗೆ ಕಲಿಸುವುದು. ನೀವು ಮೊದಲನೆಯದನ್ನು ದಾಟಿ ಎರಡನೆಯದಕ್ಕೆ ಕಾಲಿಟ್ಟಿದ್ದೀರಿ. ನಿಮ್ಮನ್ನು ತಳ್ಳುತ್ತಿರುವುದು ನಾಲ್ಕನೆಯದಕ್ಕೆ.

ನಾಳೆ ಪಾಳಿ ಶುರುವಾಗುವ ಮೊದಲೇ ಮೇಲ್ವಿಚಾರಕ ವೈದ್ಯರ ಬಳಿ ಹೋಗಿ. ‘ಸರ್, ಪುಸ್ತಕದಲ್ಲಿ ಸಹಿ ಇದೆ, ಆದರೆ ನಾನು ಹೆಚ್ಚಿನವನ್ನು ನೋಡಿದ್ದೇನೆ, ಮಾಡಿಲ್ಲ. ಮೊದಲ ಕೆಲವನ್ನು ನೀವೋ ಹಿರಿಯ ನರ್ಸೋ ಪಕ್ಕದಲ್ಲಿದ್ದಾಗ ಮಾಡುತ್ತೇನೆ.’ ಇಷ್ಟೇ ಹೇಳಿ, ಕ್ಷಮೆ ಕೇಳಬೇಡಿ. ಸಹಿಯನ್ನು ತಿದ್ದಿಸಿ, ‘ನೋಡಿದ್ದು’, ‘ಸಹಾಯ ಮಾಡಿದ್ದು’, ‘ಸ್ವತಃ ಮಾಡಿದ್ದು’ ಎಂದು ಬೇರೆ ಬೇರೆ ಬರೆಸಿ. ಒಪ್ಪದಿದ್ದರೆ ಕಾಲೇಜಿನ ಸಂಯೋಜಕರಿಗೆ ಲಿಖಿತವಾಗಿ ತಿಳಿಸಿ. ಬೈಯುತ್ತಾರೆ, ಬೈಯಲಿ.

ರಾತ್ರಿಪಾಳಿ: ಹೇಳಿದರೆ ಇಂಟರ್ನಲ್ ಅಂಕ ಕಡಿಮೆ ಮಾಡುತ್ತಾರೆಂಬ ಭಯ ಮೇಡಂ.

ಬೋಧಕಿ: ಮಾಡಬಹುದು. ಸಂಯೋಜಕರಿಗೆ ಬರೆಯುವಾಗ ಈ ಭಯವನ್ನೂ ಬರೆಯಿರಿ. ತನ್ನ ಮಿತಿ ತಿಳಿದು ನೆರವು ಕೇಳುವುದು ನಿಮ್ಮ ಪಠ್ಯಕ್ರಮದ ವೃತ್ತಿಧರ್ಮದ ಭಾಗದಲ್ಲೇ ಇರುತ್ತದೆ, ಆ ಸಾಲನ್ನೂ ಉಲ್ಲೇಖಿಸಿ.

ಕಿರಿಯ ವೈದ್ಯ: ಇದಕ್ಕೇ ನಾವು ಬಡಿದುಕೊಳ್ಳುವುದು. ಅರ್ಧ ಕಲಿತವರನ್ನು ವಾರ್ಡಿಗೆ ಬಿಟ್ಟರೆ ಹೀಗೆಯೇ.

ಹಿರಿಯ ನರ್ಸ್: ಡಾಕ್ಟರೇ, ರೈಲ್ಸ್ ಟ್ಯೂಬ್ ಹಾಕುವುದನ್ನು ನಿಮಗೆ ಕಲಿಸಿದವರು ಯಾರು? ನಿಮ್ಮ ಪ್ರೊಫೆಸರೇ? ನಮ್ಮಂಥವರೇ ಅಲ್ಲವೇ?

ಪ್ರಶ್ನೆ ಇದೆ: ಮಕ್ಕಳ ವಿಭಾಗದ ಪೋಸ್ಟಿಂಗ್ ಎಷ್ಟು ವಾರ ಇರಬೇಕು ಮೇಡಂ?

ದುಡಿಯುವ ಪಿ.ಎ.: ಅರ್ಧ ಕಲಿತವರು ಎನ್ನುವ ಮೊದಲು ಇತಿಹಾಸ ಓದಿ. 1965ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಈ ಕೋರ್ಸ್ ಆರಂಭಿಸಿದ ಯೂಜೀನ್ ಸ್ಟೆಡ್ ಸ್ವತಃ ವೈದ್ಯರು. ಮೊದಲ ತಂಡದ ನಾಲ್ವರೂ ನೌಕಾಪಡೆಯಲ್ಲಿ ವೈದ್ಯಕೀಯ ಸಹಾಯಕರಾಗಿದ್ದವರು. ವೈದ್ಯರ ಕೊರತೆ ತುಂಬಲು ವೈದ್ಯರೇ ಹುಟ್ಟುಹಾಕಿದ ವೃತ್ತಿ ಇದು.

ಹಿರಿಯ ನರ್ಸ್: ನಾಲ್ವರಲ್ಲಿ ಒಬ್ಬ ನರ್ಸೂ ಇರಲಿಲ್ಲ, ಅದನ್ನೂ ಹೇಳಿ. ವರ್ಷಗಟ್ಟಲೆ ವಾರ್ಡ್ ನೋಡಿದವರನ್ನು ಬಿಟ್ಟು ಹೊಸಬರಿಗೆ ಹೊಸ ಹುದ್ದೆ ಮಾಡುವುದು ಯಾವ ನ್ಯಾಯ?

ಕಿರಿಯ ವೈದ್ಯ: ಬ್ರಿಟನ್ನಿನಲ್ಲಿ ಏನಾಯಿತು ನೋಡಿದಿರಾ? ಪಿ.ಎ. ಹುದ್ದೆಯನ್ನು ಪರಿಶೀಲಿಸಿದ 2025ರ ಲೆಂಗ್ ವರದಿ ಇವರ ರೆಕ್ಕೆ ಕತ್ತರಿಸಿತು.

ದುಡಿಯುವ ಪಿ.ಎ.: ವಾಟ್ಸ್ಆ್ಯಪ್‌ನಲ್ಲಿ ಓದಿದಿರೋ, ವರದಿಯನ್ನೇ ಓದಿದಿರೋ?

ಕಿರಿಯ ವೈದ್ಯ: ನಿಮಗಿಂತ ಹೆಚ್ಚು ಓದಿದ್ದೇನೆ. ಎಂ.ಬಿ.ಬಿ.ಎಸ್. ಸುಮ್ಮನೆ ಬರುವುದಿಲ್ಲ.

ಬೋಧಕಿ: ಇಬ್ಬರೂ ನಿಲ್ಲಿಸಿ. ಲೆಂಗ್ ವರದಿ ಹುದ್ದೆಯೇ ಬೇಡ ಎನ್ನಲಿಲ್ಲ. ಅಲ್ಲಿ ಇವರನ್ನು ‘ಫಿಸಿಷಿಯನ್ ಅಸೋಸಿಯೇಟ್’ ಎಂದು ಕರೆಯುತ್ತಿದ್ದರು. ಅದನ್ನು ಬಿಟ್ಟು ‘ಅಸಿಸ್ಟೆಂಟ್’ ಎನ್ನಿ ಎಂದಿತು. ರೋಗ ಇಂಥದ್ದೆಂದು ಇನ್ನೂ ತಿಳಿಯದ ರೋಗಿಗಳನ್ನು, ಸ್ಪಷ್ಟ ನಿಯಮಾವಳಿ ಇದ್ದ ಕಡೆ ಬಿಟ್ಟು, ಇವರು ನೋಡಬಾರದು ಎಂದಿತು. ನಾನು ಅದನ್ನು ಪಾಠದಲ್ಲಿ ಬಳಸುತ್ತೇನೆ, ಏಕೆಂದರೆ ಕೆಲಸದ ಗಡಿ ಗೊತ್ತಿಲ್ಲದಿದ್ದರೆ ಯಾವ ಸಾಮರ್ಥ್ಯ ಕಲಿಸಬೇಕೆಂಬುದೇ ಗೊತ್ತಾಗುವುದಿಲ್ಲ. ಡಾಕ್ಟರೇ, ಆ ಹುಡುಗನಿಗೆ ಪಾಳಿ ಹಾಕಿದವರೂ ಸಹಿ ಮಾಡಿದವರೂ ಪಿ.ಎ.ಗಳಾಗಿರಲಾರರು. ನರ್ಸಮ್ಮ, ನಿಮ್ಮ ಸಿಟ್ಟಿನಲ್ಲಿ ಹುರುಳಿದೆ, ಆದರೆ ಅದಕ್ಕೆ ಉತ್ತರ ಕೊಡಬೇಕಾದವಳು ನಾನಲ್ಲ.

ಕಿರಿಯ ವೈದ್ಯ: ಎಲ್ಲದಕ್ಕೂ ವೈದ್ಯರನ್ನೇ ದೂರಿ. ನಾನು ಗುಂಪು ಬಿಡುತ್ತಿದ್ದೇನೆ.

ಹೊಸಬ: ನಮಸ್ಕಾರ, ಈಗಷ್ಟೇ ಸೇರಿದೆ. ಪಿ.ಎ. ಆದವರು ‘ಡಾ.’ ಎಂದು ಬರೆಯಬಹುದೇ? ಸ್ವಂತ ಕ್ಲಿನಿಕ್ ಇಡಬಹುದೇ?

ಬೋಧಕಿ: ಮೇಲೆ ಓದಿ. ಎರಡನೆಯದಕ್ಕೂ ಅದೇ ಉತ್ತರ: ಇದು ವೈದ್ಯರ ಮೇಲ್ವಿಚಾರಣೆಯಲ್ಲಿ ಮಾಡುವ ಕೆಲಸ.

ಮಗಳ ತಂದೆ: ಮೇಡಂ, ನನ್ನ ಮಗಳಿಗೆ ಥಿಯರಿಯಲ್ಲಿ ತರಗತಿಗೇ ಹೆಚ್ಚು ಅಂಕ. ಆಸ್ಕಿ ಪರೀಕ್ಷೆಯಲ್ಲಿ ಮಾತ್ರ ‘ಸಂವಹನ’ ಎಂದು ಫೇಲ್ ಮಾಡಿದ್ದಾರೆ. ಮಾತನಾಡಲು ಬರುವುದಿಲ್ಲವೆಂದು ಯಾರಾದರೂ ಫೇಲ್ ಮಾಡುತ್ತಾರೆಯೇ?

ಬೋಧಕಿ: ಮಾಡುತ್ತಾರೆ, ಮಾಡಬೇಕು. ಮೇಜಿನಿಂದ ಮೇಜಿಗೆ ಸರಿಯುತ್ತಾ ಒಂದೊಂದರಲ್ಲಿ ಒಂದೊಂದು ಕೌಶಲವನ್ನು ಮಾಡಿ ತೋರಿಸುವ ಆಸ್ಕಿಯನ್ನು ರೊನಾಲ್ಡ್ ಹಾರ್ಡನ್ ಮತ್ತು ಸಹೋದ್ಯೋಗಿಗಳು 1975ರಲ್ಲಿ ಪ್ರಕಟಿಸಿದ್ದೇ ಬರೆಯುವ ಪರೀಕ್ಷೆ ತೋರಿಸಲಾರದ್ದನ್ನು ನೋಡಲು. 1990ರಲ್ಲಿ ಜಾರ್ಜ್ ಮಿಲ್ಲರ್ ಅದನ್ನೇ ನಾಲ್ಕು ಮೆಟ್ಟಿಲು ಮಾಡಿ ಹೇಳಿದರು: ಗೊತ್ತಿದೆ, ಹೇಗೆಂದು ಗೊತ್ತಿದೆ, ಮಾಡಿ ತೋರಿಸುತ್ತೇನೆ, ನಿತ್ಯ ಮಾಡುತ್ತೇನೆ. ಥಿಯರಿಯ ಅಂಕ ಕೆಳಗಿನ ಎರಡರದ್ದು. ಕಾಲು ಕತ್ತರಿಸಬೇಕಾಗಬಹುದು ಎಂಬುದನ್ನು ಮಧುಮೇಹಿಗೆ ಹೇಳಬೇಕಾದಾಗ ಪುಸ್ತಕದ ವಾಕ್ಯ ಒಪ್ಪಿಸಿದರೆ ಅಂಕ ಸಿಗುವುದಿಲ್ಲ. ಅವರಿಗೆ ಈಗಾಗಲೇ ಏನು ಗೊತ್ತಿದೆ ಎಂದು ಕೇಳಬೇಕು, ಹೇಳಿ ಸುಮ್ಮನಾಗಬೇಕು, ಅರ್ಥವಾದದ್ದನ್ನು ಅವರ ಬಾಯಿಂದಲೇ ಹೇಳಿಸಬೇಕು.

ಮಗಳ ತಂದೆ: ಇವೆಲ್ಲ ಕೆಲಸಕ್ಕೆ ಸೇರಿದ ಮೇಲೆ ತಾನಾಗಿ ಬರುತ್ತದೆ.

ಬೋಧಕಿ: ಬರುವುದಿಲ್ಲ. ಯಾವ ಮೇಜಿನಲ್ಲಿ ಏನು ಹೇಳಿದಳು, ಪರೀಕ್ಷಕರು ಏನು ಬರೆದರು ಎಂದು ಮಗಳನ್ನೇ ಇಲ್ಲಿ ಬರೆಯಲು ಹೇಳಿ. ಮರುಪರೀಕ್ಷೆಗೆ ಏನು ಅಭ್ಯಾಸ ಮಾಡಬೇಕೆಂದು ಆಗ ಹೇಳಬಲ್ಲೆ.

ಪ್ರಶ್ನೆ ಇದೆ: ಮಕ್ಕಳ ವಿಭಾಗದ ಪೋಸ್ಟಿಂಗ್ ಮೇಡಂ?

ಮಗಳ ತಂದೆ: ಅವಳಿಗೆ ಬರೆಯಲು ಪುರುಸೊತ್ತಿಲ್ಲ. ಅಂಕ ಮರುಎಣಿಕೆ ಮಾಡಿಸುವುದು ಹೇಗೆ, ಅದಷ್ಟನ್ನೇ ಹೇಳಿ.

ಬೋಧಕಿ: ಪರೀಕ್ಷಾ ವಿಭಾಗದಲ್ಲಿ ಕೇಳಿ. ಪುರುಸೊತ್ತು ನನಗೂ ಇಲ್ಲ.