2000 ರೂಪಾಯಿ ನೋಟಿನ ‘ನ್ಯಾನೋ ಚಿಪ್’: ನಕ್ಕು ಬಿಡುವುದೋ, ಉತ್ತರ ಕೊಡುವುದೋ?

ಪ್ರಶ್ನೆ (ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಶಿವಮೊಗ್ಗ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಸುದ್ದಿಯಲ್ಲಿ ಬರುವ ವಿಜ್ಞಾನವನ್ನು ಒರೆಗೆ ಹಚ್ಚಿ ನೋಡುವುದನ್ನು ಒಂಬತ್ತನೆಯ ತರಗತಿಯ ಮಕ್ಕಳಿಗೆ ಕಲಿಸಬೇಕೆಂದು ಒಂದು ಪಾಠ ಸಿದ್ಧಪಡಿಸುತ್ತಿದ್ದೇನೆ. ಉದಾಹರಣೆಗೆ ಆರಿಸಿಕೊಂಡಿರುವುದು 2016ರ ನೋಟು ರದ್ದತಿಯ ಕಾಲದ ಸುದ್ದಿ. ನವೆಂಬರ್ 8ರ ರಾತ್ರಿ ಹಳೆಯ 500 ಮತ್ತು 1000 ರೂಪಾಯಿ ನೋಟುಗಳು ರದ್ದಾದ ಬೆನ್ನಲ್ಲೇ, ಹೊಸ 2000 ರೂಪಾಯಿ ನೋಟಿನೊಳಗೆ ‘ನ್ಯಾನೋ ಜಿಪಿಎಸ್ ಚಿಪ್’ ಇದೆ, ಅದಕ್ಕೆ ವಿದ್ಯುತ್ತೇ ಬೇಕಿಲ್ಲ, ಉಪಗ್ರಹದ ಸಂಕೇತವನ್ನು ಅದು ಪ್ರತಿಫಲಿಸುತ್ತದೆ, ನೆಲದಡಿ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಪತ್ತೆಯಾಗುತ್ತದೆ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡಿತು. ಕೆಲವು ಟಿವಿ ವಾಹಿನಿಗಳೂ ಅದನ್ನು ವಿವರವಾಗಿ ಬಿತ್ತರಿಸಿದವು. ರಿಸರ್ವ್ ಬ್ಯಾಂಕ್ ಅಲ್ಲಗಳೆದ ಮೇಲೆ ಅದೇ ಸುದ್ದಿ ನಗೆಯ ವಸ್ತುವಾಯಿತು.

ನನ್ನ ತೊಡಕು ಇರುವುದು ಅಲ್ಲಿಯೇ. ನನ್ನ ಸೋದರಮಾವನವರು ಇಂದಿಗೂ “ಚಿಪ್ ಇದ್ದದ್ದು ನಿಜ, ಗುಟ್ಟಾಗಿ ಇಟ್ಟಿದ್ದರು ಅಷ್ಟೆ” ಎನ್ನುತ್ತಾರೆ. ನಿರಾಕರಣೆಯೇ ಅವರಿಗೆ ಸಾಕ್ಷಿಯಾಗಿದೆ. ಆದ್ದರಿಂದ ಯಾರ ಹೇಳಿಕೆಯನ್ನೂ ಆಧಾರವಾಗಿ ಹಿಡಿಯದೆ, ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ಇದನ್ನು ಪರೀಕ್ಷಿಸುವುದು ಹೇಗೆ? ಇಂಥ ಸುದ್ದಿಯನ್ನು ಗೇಲಿ ಮಾಡುವುದರಿಂದ ಮಕ್ಕಳಿಗೆ ಏನಾದರೂ ಪ್ರಯೋಜನವಿದೆಯೇ?

ಉತ್ತರ 1 (ಎಲೆಕ್ಟ್ರಾನಿಕ್ಸ್ ಎಂಜಿನಿಯರ್, ಬೆಂಗಳೂರು)

ಮೇಡಂ, ಮಕ್ಕಳು ಮೊದಲು ಕೇಳಬೇಕಾದ ಪ್ರಶ್ನೆ ಶಕ್ತಿಯದು. ಸಂಕೇತ ಕಳುಹಿಸುವ ಯಾವ ವಸ್ತುವಿಗೂ ಶಕ್ತಿ ಬೇಕು. ಅದು ಎಲ್ಲಿಂದ ಬರುತ್ತದೆ ಮತ್ತು ಎಷ್ಟು ಬರುತ್ತದೆ ಎಂಬುದು ತಿಳಿದರೆ ಸುದ್ದಿಯ ಅರ್ಧದಷ್ಟು ಪರೀಕ್ಷೆ ಮುಗಿದಂತೆಯೇ.

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಅವು ಸಂಕೇತ ಬಿತ್ತರಿಸುತ್ತವೆ, ನಮ್ಮ ಫೋನು ಅದನ್ನು ಸ್ವೀಕರಿಸಿ, ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳನ್ನು ಹೋಲಿಸಿ, ತಾನಿರುವ ಜಾಗವನ್ನು ತಾನೇ ಲೆಕ್ಕ ಹಾಕುತ್ತದೆ. ಫೋನು ಎಲ್ಲಿದೆ ಎಂಬುದು ಉಪಗ್ರಹಕ್ಕೆ ಗೊತ್ತೇ ಇರುವುದಿಲ್ಲ. ಬೇರೆಯವರಿಗೆ ಅದು ತಿಳಿಯಬೇಕಾದರೆ ಫೋನು ತನ್ನ ಬ್ಯಾಟರಿಯ ಬಲದಿಂದ ಮೊಬೈಲ್ ಜಾಲದ ಮೂಲಕ ಹೇಳಬೇಕು. ನೆಲಕ್ಕೆ ಬಂದು ಮುಟ್ಟುವ ಜಿಪಿಎಸ್ ಸಂಕೇತವಂತೂ ಅತ್ಯಂತ ಕ್ಷೀಣ: ಒಂದು ವ್ಯಾಟನ್ನು ಕೋಟಿ ಪಾಲು ಮಾಡಿ, ಅದರಲ್ಲೊಂದು ಪಾಲನ್ನು ಮತ್ತೆ ಕೋಟಿ ಪಾಲು ಮಾಡಿದರೆ ಸಿಗುವ ತುಣುಕಿನ ನೂರನೆಯ ಒಂದು ಭಾಗ. ಇಷ್ಟರಲ್ಲಿ ಪ್ರತಿಫಲಿಸಿ ವಾಪಸ್ಸು ಕಳುಹಿಸಲು ಉಳಿಯುವುದೇನು?

ಆದರೆ ವಿದ್ಯುತ್ತಿಲ್ಲದ ಚಿಪ್ ಎಂಬುದೇ ಸುಳ್ಳು ಎಂದು ದಯವಿಟ್ಟು ಪಾಠದಲ್ಲಿ ಹೇಳಬೇಡಿ. ಅಂಥ ಚಿಪ್ ನಿಜವಾಗಿಯೂ ಇದೆ. ಕಾರಿನ ಗಾಜಿಗೆ ಅಂಟಿಸುವ ಫಾಸ್ಟ್ಯಾಗ್‌ನಲ್ಲಿ ಬ್ಯಾಟರಿ ಇಲ್ಲ. ಟೋಲ್ ಗೇಟಿನ ರೀಡರ್ 865ರಿಂದ 867 ಮೆಗಾಹರ್ಟ್ಸ್ ವ್ಯಾಪ್ತಿಯ ರೇಡಿಯೊ ಅಲೆಗಳನ್ನು ಕಳುಹಿಸಿದಾಗ, ಆ ಅಲೆಗಳಿಂದಲೇ ಶಕ್ತಿ ಪಡೆದು ಅದು ತನ್ನ ಸಂಖ್ಯೆಯನ್ನು ಪ್ರತಿಫಲನದ ಮೂಲಕ ತಿಳಿಸುತ್ತದೆ. ಚಿಕ್ಕ ಚಿಪ್ಪೂ ಕಟ್ಟುಕಥೆಯಲ್ಲ: ಜಪಾನಿನ ಹಿಟಾಚಿ ಕಂಪನಿ 0.4 ಮಿಲಿಮೀಟರ್ ಅಗಲದ ಮ್ಯೂ-ಚಿಪ್ಪನ್ನು ತಯಾರಿಸಿತ್ತು, ಅದನ್ನು ಯೂರೋ ನೋಟುಗಳಲ್ಲಿ ಅಳವಡಿಸುವ ಮಾತುಕತೆಯ ಸುದ್ದಿ 2003ರಲ್ಲೇ ಬಂದಿತ್ತು. ನಿಮ್ಮ ಮಾವನವರ ನಂಬಿಕೆಗೆ ನೆಲೆಯೇ ಇಲ್ಲವೆಂದಲ್ಲ. ಆ ನಂಬಿಕೆ ಮುರಿದು ಬೀಳುವುದು ದೂರದ ಲೆಕ್ಕದಲ್ಲಿ.

ಆ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿ. ಅಲೆ ಹೋಗುವಾಗ ದೂರದ ವರ್ಗದಷ್ಟು ದುರ್ಬಲವಾಗುತ್ತದೆ, ಪ್ರತಿಫಲಿಸಿ ಮರಳುವಾಗ ಮತ್ತೆ ವರ್ಗದಷ್ಟು. ಒಟ್ಟಿನಲ್ಲಿ ದೂರದ ನಾಲ್ಕನೆಯ ಘಾತದಷ್ಟು. ಫಾಸ್ಟ್ಯಾಗ್ ಓದುವ ದೂರವನ್ನು ಧಾರಾಳವಾಗಿ 10 ಮೀಟರ್ ಎಂದಿಟ್ಟುಕೊಳ್ಳೋಣ. ಜಿಪಿಎಸ್ಸನ್ನು ಬಿಟ್ಟು, ಕೇವಲ 500 ಕಿಲೋಮೀಟರ್ ಎತ್ತರದ ಉಪಗ್ರಹವೊಂದು ಅದನ್ನು ಓದಬೇಕೆಂದರೆ ದೂರ 50,000 ಪಟ್ಟು ಹೆಚ್ಚುತ್ತದೆ. ಆ ಸಂಖ್ಯೆಯ ನಾಲ್ಕನೆಯ ಘಾತವೆಂದರೆ 625ರ ಮುಂದೆ 16 ಸೊನ್ನೆಗಳು. ಮರಳಿ ಬರುವ ಸಂಕೇತ ಅಷ್ಟು ಪಟ್ಟು ಕ್ಷೀಣಿಸುತ್ತದೆ. ಇದು ತೆರೆದ ಬಯಲಿನಲ್ಲಿಟ್ಟ ನೋಟಿನ ಲೆಕ್ಕ. ಈ ಆವರ್ತನದ ಅಲೆಗಳು ಒದ್ದೆ ಮಣ್ಣಿನಲ್ಲಿ ಕೆಲವು ಮೀಟರ್ ಇಳಿಯುವಷ್ಟರಲ್ಲೇ ಹೀರಿಹೋಗುತ್ತವೆಯಾದ್ದರಿಂದ, 120 ಮೀಟರಿನ ಮಾತನ್ನು ಬೇರೆಯಾಗಿ ಪರೀಕ್ಷಿಸುವ ಅಗತ್ಯವೇ ಬೀಳುವುದಿಲ್ಲ.

ಉತ್ತರ 2 (ನಿವೃತ್ತ ಬ್ಯಾಂಕ್ ಉದ್ಯೋಗಿ, ಮೈಸೂರು)

ಮೇಲಿನವರ ಲೆಕ್ಕಕ್ಕೆ ನೋಟಿನ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ. ಆ ನೋಟುಗಳು ಮುದ್ರಣವಾಗಿದ್ದು ನಮ್ಮ ಮೈಸೂರಿನ ನೋಟು ಮುದ್ರಣಾಲಯದಲ್ಲಿ ಎಂಬ ಕಾರಣಕ್ಕೆ ಆಗ ನಮ್ಮನ್ನು ಕೇಳಿದವರು ಬಹಳ ಮಂದಿ. ಚಿಪ್ ಎಂದು ಜನ ಬೆರಳಿಟ್ಟು ತೋರಿಸುತ್ತಿದ್ದದ್ದು ಹೆಚ್ಚಾಗಿ ಭದ್ರತಾ ಎಳೆಯನ್ನು. ನೋಟನ್ನು ಓರೆ ಮಾಡಿದಾಗ ಹಸಿರಿನಿಂದ ನೀಲಿಗೆ ತಿರುಗುವ ಆ ಎಳೆಯ ಮೇಲೆ ‘ಭಾರತ್’ ಎಂದು ಹಿಂದಿಯಲ್ಲಿ, ಜೊತೆಗೆ ಆರ್‌ಬಿಐ ಮತ್ತು 2000 ಎಂದು ಬರೆದಿರುತ್ತದೆ. ಅದು ಖೋಟಾ ನೋಟನ್ನು ಕಣ್ಣಿನಿಂದಲೇ ಗುರುತಿಸಲು ಇರುವ ವ್ಯವಸ್ಥೆ. ಚಿಪ್ ಹುಡುಕಲೆಂದು ಒಳ್ಳೆಯ ನೋಟನ್ನು ಹರಿದು ನೋಡಿದವರೂ ಇದ್ದರು. ಹಣಕ್ಕಾಗಿ ಜನ ದಿನವಿಡೀ ಸಾಲಿನಲ್ಲಿ ನಿಂತಿದ್ದ ಆ ದಿನಗಳಲ್ಲಿ ಅದನ್ನು ನೋಡಿ ನನಗೆ ನಗು ಬರಲಿಲ್ಲ, ಸಂಕಟವಾಯಿತು. ನೋಟಿನ ಹಿಂಬದಿಯಲ್ಲಿ ಮಂಗಳಯಾನದ ಚಿತ್ರವಿದ್ದದ್ದು ಉಪಗ್ರಹದ ಕಥೆಯನ್ನು ಇನ್ನಷ್ಟು ನಂಬುವಂತೆ ಮಾಡಿರಬೇಕು ಎಂಬುದು ನನ್ನ ಅನಿಸಿಕೆ.

ನಿಮ್ಮ ಮಾವನವರಿಗೆ ಮುಂದಿನ ಇತಿಹಾಸವನ್ನು ನೆನಪಿಸಿ. 2023ರ ಮೇ 19ರಂದು ರಿಸರ್ವ್ ಬ್ಯಾಂಕ್ ಈ ನೋಟನ್ನು ಚಲಾವಣೆಯಿಂದ ಹಿಂಪಡೆಯುವುದಾಗಿ ಪ್ರಕಟಿಸಿದಾಗ 3.56 ಲಕ್ಷ ಕೋಟಿ ರೂಪಾಯಿ ಮೌಲ್ಯದ ನೋಟುಗಳು ಜನರ ನಡುವೆ ಇದ್ದವು. ಅವುಗಳಲ್ಲಿ ಶೇಕಡ 98ಕ್ಕೂ ಹೆಚ್ಚು ಮರಳಿದ್ದು ಜನರು ತಾವಾಗಿ ಬ್ಯಾಂಕಿಗೆ ತಂದು ಕಟ್ಟಿದ್ದರಿಂದ. ಉಳಿದವನ್ನು ಯಾರೂ ಉಪಗ್ರಹದಿಂದ ಹುಡುಕಿ ತರಲಿಲ್ಲ.

ಉತ್ತರ 3 (ಪದವಿ ಕಾಲೇಜಿನ ಉಪನ್ಯಾಸಕ, ಧಾರವಾಡ)

ಗೇಲಿಯ ಬಗ್ಗೆ ನೀವು ಕೇಳಿದ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಎಲ್ಲ ತಮಾಷೆಯೂ ಒಂದೇ ಬಗೆಯದಲ್ಲ ಎಂದು ನನಗೆ ಅನ್ನಿಸುತ್ತದೆ. ಆ ದಿನಗಳಲ್ಲಿ ನಮ್ಮ ಓಣಿಯ ಚಹಾದಂಗಡಿಯಲ್ಲಿ ಹಿರಿಯರೊಬ್ಬರು, “ನಮ್ಮ ಎಮ್ಮೆ ಮೇಯಲು ಹೋದದ್ದು ಸಂಜೆ ತಿರುಗಿ ಬರೂದಿಲ್ಲ, ಅದರ ಕೊರಳಿಗೆ ಒಂದು ನೋಟು ಕಟ್ಟಿದರ ಎಲ್ಲಿ ಐತಿ ಅಂತ ಸರಕಾರ ಹೇಳತದೇನು?” ಎಂದು ಕೇಳಿದ್ದರು. ಅಲ್ಲಿದ್ದವರೆಲ್ಲ ನಕ್ಕರು. ಆದರೆ ಆ ಮಾತಿನೊಳಗೆ ಸರಿಯಾದ ಪರೀಕ್ಷೆಯೊಂದಿದೆ: ಅಷ್ಟು ಅಗ್ಗದ, ವಿದ್ಯುತ್ತೇ ಬೇಡದ, ಎಲ್ಲಿದ್ದರೂ ಪತ್ತೆಯಾಗುವ ಚಿಪ್ ಇದ್ದಿದ್ದರೆ ಅದು ನೋಟಿಗಷ್ಟೇ ಏಕೆ ಸೀಮಿತವಾಗುತ್ತಿತ್ತು? ಕಳೆದುಹೋದ ಜಾನುವಾರು, ಕಡಲಿನಲ್ಲಿ ದಾರಿ ತಪ್ಪಿದ ದೋಣಿ, ಭೂಕುಸಿತದಡಿ ಸಿಲುಕಿದ ಮನುಷ್ಯ, ಎಲ್ಲಕ್ಕೂ ಮೊದಲು ಅದನ್ನು ಬಳಸುತ್ತಿದ್ದರು. ಇಂಥ ನಗೆಯನ್ನು ತರಗತಿಗೆ ಧೈರ್ಯವಾಗಿ ತನ್ನಿ. ನಂಬಿದವನನ್ನು ದಡ್ಡನೆಂದು ತೋರಿಸುವುದಷ್ಟೇ ಕೆಲಸವಾಗಿರುವ ನಗೆಯನ್ನು ತರಬೇಡಿ. ಅದರಿಂದ ಮಕ್ಕಳು ಕಲಿಯುವುದು ಪ್ರಶ್ನೆ ಕೇಳದೆ ಸುಮ್ಮನಿರುವುದನ್ನು ಮಾತ್ರ.

ಚಿಪ್ಪನ್ನು ನಂಬಿದವರು ಪುರಾವೆಯಿಲ್ಲದೆ ನಂಬಿದರು ಎನ್ನುವುದೂ ಪೂರ್ತಿ ಸರಿಯಲ್ಲ. ಬೆಂಗಳೂರಿನ ಸ್ಟುಡಿಯೊ ಒಂದು ಆಗ ಬಿಡುಗಡೆ ಮಾಡಿದ್ದ ಆ್ಯಪ್‌ನಲ್ಲಿ 2000 ರೂಪಾಯಿ ನೋಟಿನ ಮೇಲೆ ಫೋನಿನ ಕ್ಯಾಮೆರಾ ಹಿಡಿದರೆ ಪ್ರಧಾನಿಯವರ ಭಾಷಣದ ವಿಡಿಯೊ ಮೂಡುತ್ತಿತ್ತು. ಕಣ್ಣಾರೆ ಕಂಡವರು ಅದನ್ನು ಚಿಪ್ಪಿನ ಕೆಲಸವೆಂದು ಭಾವಿಸಿದರು. ಅಲ್ಲಿ ನಡೆಯುತ್ತಿದ್ದದ್ದು ಚಿತ್ರ ಗುರುತಿಸುವಿಕೆ ಅಷ್ಟೆ. ನೋಟಿನ ಒಳ್ಳೆಯ ಬಣ್ಣದ ಫೋಟೊವನ್ನು ಕ್ಯಾಮೆರಾದ ಮುಂದೆ ಹಿಡಿದಿದ್ದರೆ, ವಿಡಿಯೊ ಬರಲು ಚಿಪ್ ಬೇಕೋ ಬೇಡವೋ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತಿತ್ತು. ಕಂಡದ್ದಕ್ಕೆ ಬೇರೊಂದು ಕಾರಣ ಇರಬಹುದೇ ಎಂದು ಕೇಳುವ ಅಭ್ಯಾಸವನ್ನು ಬೆಳೆಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುತ್ತಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನಾಲ್ಕನೆಯ ಘಾತದ ಲೆಕ್ಕವನ್ನು ಕರಿಹಲಗೆಯ ಮೇಲೆ ಸೊನ್ನೆಗಳ ಸಮೇತ ಬರೆಸುತ್ತೇನೆ. ಲೆಕ್ಕದ ಜೊತೆಗೆ, ಜಿಪಿಎಸ್ ಸಂಕೇತ ಎಷ್ಟು ದುರ್ಬಲವೆಂಬುದನ್ನು ಮಕ್ಕಳು ಸ್ವತಃ ನೋಡುವಂಥ ಪ್ರಯೋಗವೇನಾದರೂ ಇದೆಯೇ? ನಮ್ಮ ಶಾಲೆಯಲ್ಲಿ ಉಪಕರಣಗಳು ಕಡಿಮೆ.

ಉತ್ತರ 1 ಬರೆದವರು

ಇದೆ ಮೇಡಂ, ಒಂದು ಫೋನು ಮತ್ತು ಭದ್ರವಾಗಿ ಮುಚ್ಚುವ ಒಂದು ಸ್ಟೀಲ್ ಡಬ್ಬಿ ಸಾಕು. ನಡೆದ ದಾರಿಯನ್ನು ದಾಖಲಿಸುವ ಯಾವುದಾದರೂ ಆ್ಯಪ್ ಚಾಲೂ ಮಾಡಿ ಮೈದಾನದಲ್ಲಿ ಒಂದು ಸುತ್ತು ಬನ್ನಿ. ಆಮೇಲೆ ಫೋನನ್ನು ಡಬ್ಬಿಯಲ್ಲಿಟ್ಟು ಮುಚ್ಚಿ ಇನ್ನೊಂದು ಸುತ್ತು ಹಾಕಿ, ಎರಡೂ ದಾಖಲೆಗಳನ್ನು ಪಕ್ಕಪಕ್ಕದಲ್ಲಿ ತೋರಿಸಿ. ಎರಡನೆಯದರಲ್ಲಿ ದಾರಿ ಕಡಿದುಹೋಗಿರುತ್ತದೆ ಇಲ್ಲವೇ ಅಡ್ಡಾದಿಡ್ಡಿಯಾಗಿರುತ್ತದೆ. ತೆಳುವಾದ ಸ್ಟೀಲ್ ತಗಡೇ ಇಷ್ಟು ಮಾಡುವುದಾದರೆ 120 ಮೀಟರ್ ಮಣ್ಣು ಏನು ಮಾಡೀತು ಎಂದು ಮಕ್ಕಳೇ ಊಹಿಸಲಿ. ಒಂದು ಎಚ್ಚರಿಕೆ: ವೈಫೈ, ಬ್ಲೂಟೂತ್ ಮತ್ತು ಮೊಬೈಲ್ ಡೇಟಾವನ್ನು ಮೊದಲೇ ಆರಿಸಿ, ಸಾಧ್ಯವಾದರೆ ಸಿಮ್ ಕಾರ್ಡನ್ನೂ ತೆಗೆದಿಡಿ. ಫೋನು ಟವರ್ ಮತ್ತು ವೈಫೈಗಳಿಂದಲೂ ತನ್ನ ಸ್ಥಳವನ್ನು ಅಂದಾಜು ಮಾಡುವುದರಿಂದ, ಅವು ಚಾಲೂ ಇದ್ದರೆ ಫಲಿತಾಂಶ ಯಾವುದರದು ಎಂಬುದನ್ನು ಬೇರ್ಪಡಿಸಲು ಆಗುವುದಿಲ್ಲ.